ಮೂವತ್ತಾರನೆಯ ಫೋಟೋ

ಹೆಣದ ಫೋಟೋ ತೆಗೆಯಲು ಹೆಂಗಸು ಬಂದದ್ದನ್ನು ನೋಡಿ, ಮಾಗಳದ ಬೆನಕಪ್ಪನವರ ಮನೆ ಮುಂದೆ ಅಳುತ್ತಿದ್ದವರೂ ಒಂದು ಗಳಿಗೆ ಅಳು ನಿಲ್ಲಿಸಿದರು. ಹಡಗಲಿಯಿಂದ ಫೋಟೋದವನನ್ನು ಕರೆತರುತ್ತೇನೆಂದು ಹೋಗಿದ್ದ ಹಿರಿಮಗ ಗುರುಬಸವರಾಜ ಟೆಂಪೋದಿಂದ ಇಳಿಸಿದ್ದು ಸ್ಟುಡಿಯೋ ಅಮರೇಶನ ಹೆಂಡತಿ ಗೀತಾಂಜಲಿಯನ್ನು. ಅಮರೇಶ ರೋಲು ತೊಳೆಸಲು ಹೊಸಪೇಟೆಗೆ ಹೋಗಿದ್ದ. ನಾಲ್ಕು ಗಂಟೆಗೆಲ್ಲ ಎತ್ತಬೇಕು, ಬೇರೆ ಯಾರನ್ನು ಹುಡುಕುವುದು?

ಗೀತಾಂಜಲಿ ಕ್ಯಾಮೆರಾ ಹಿಡಿದು ಮೂರು ತಿಂಗಳಾಗಿತ್ತು, ಅದೂ ಗಂಡನ ಬೆನ್ನು ಬಿದ್ದು. ಅವನು ಕಲಿಸಿದ್ದು ಎಣಿಸಿ ನಾಲ್ಕು ಮಾತು. ಬಿಸಿಲು ನಿನ್ನ ಬೆನ್ನಿಗಿರಲಿ, ಯಾರ ಕಾಲನ್ನೂ ಕತ್ತರಿಸಬೇಡ, ಉಸಿರು ಹಿಡಿದು ಒತ್ತು, ಎಲ್ಲಕ್ಕಿಂತ ಮುಖ್ಯ, ಕಣ್ಣು ನೋಡಿ ಹೊಂದಿಸು. ಕ್ಯಾಮೆರಾದ ಕಿಂಡಿಯ ನಡುವೆ ಒಂದು ಪುಟ್ಟ ಚಕ್ರ, ಅಡ್ಡ ಸೀಳೊಂದು ಅದನ್ನು ಎರಡು ಹೋಳು ಮಾಡಿತ್ತು. ಕಣ್ಣು ಮೇಲೆ ಅರ್ಧ ಕೆಳಗೆ ಅರ್ಧ ಒಡೆದು ಕಂಡರೆ ಲೆನ್ಸ್ ತಿರುಗಿಸುವುದು, ಕೂಡಿಕೊಂಡ ಕೂಡಲೇ ಒತ್ತುವುದು. ಕೋಳಿ, ಎಮ್ಮೆ, ಎದುರುಮನೆಯ ಕೂಸು ಎಂದು ವಾರವೆಲ್ಲ ಅದನ್ನೇ ಅಭ್ಯಾಸ ಮಾಡಿದ್ದಳು. "ಮಂದಿ ಮನೀದು ಒಂದು ಫೋಟೋ ಕೆಡಿಸಿದಿ ಅಂದ್ರ ಮತ್ತ ಕ್ಯಾಮೆರಾ ಮುಟ್ಟಂಗಿಲ್ಲ" ಎಂದು ಅಮರೇಶ ಮೊದಲೇ ಹೇಳಿಬಿಟ್ಟಿದ್ದ. ಆಡಿದ ಮಾತಿಗೆ ತಪ್ಪುವ ಗಂಡಸಲ್ಲ, ಅದೇ ಅವಳ ಹೆದರಿಕೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಬೆನಕಪ್ಪನವರನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ರೇಷ್ಮೆ ರುಮಾಲು, ಕೊರಳು ತುಂಬ ಹೂವು, ಹಣೆಗೆ ಮೂರು ಬೆರಳ ವಿಭೂತಿ. ಮಗ್ಗುಲಿಗೆ ಹೆಂಡತಿ ನಾಗಲಿಂಗಮ್ಮನನ್ನು ತಂದು ಕೂರಿಸಿದರು. ಸುತ್ತ ಮೂರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಸೇರಿ ಹದಿನಾರು ಜನ. ಯಾರು ಯಾರ ಪಕ್ಕ ನಿಲ್ಲಬೇಕೆಂದು ಅಣ್ಣತಮ್ಮಂದಿರಲ್ಲಿ ಅಲ್ಲೂ ಸಣ್ಣದೊಂದು ಜಟಾಪಟಿ ನಡೆಯಿತು. ಹೇಳಿದಲ್ಲಿ ಅಲುಗದೆ ಕೂತವರು ಬೆನಕಪ್ಪನವರೊಬ್ಬರೇ.

"ಅಕ್ಕಾರ, ಒಬ್ರೂ ಬಿಟ್ಟು ಹೋಗಬಾರದು ನೋಡ್ರಿ" ಎಂದ ಗುರುಬಸವರಾಜ.

ಗೀತಾಂಜಲಿ ಕಿಂಡಿಗೆ ಕಣ್ಣಿಟ್ಟಳು. ನಾಲ್ಕನೆಯ ಪಾಠ ಅಲ್ಲೇ ಕೈಕೊಟ್ಟಿತು. ಹೊಂದಿಸಲು ಕಣ್ಣೇ ಇಲ್ಲ, ಮುಚ್ಚಿದ ರೆಪ್ಪೆ ಇದೆ. ಬದುಕಿದ್ದ ಹದಿನೇಳು ಜನರಲ್ಲಿ ಯಾರದಾದರೂ ಕಣ್ಣು ನೋಡಬಹುದೆಂದು ಆ ಗಾಬರಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಫೋಟೋ ಯಾರದೋ ಅವರ ಮುಖವೇ ಸ್ಪಷ್ಟ ಬರಬೇಕೆಂದು ಕಲಿತವಳು. ಹಣೆಯ ವಿಭೂತಿ ಬೆಳ್ಳಗೆ ಕಂಡಿತು, ಆದರೆ ಅದೂ ಅಡ್ಡಗೆರೆ, ಚಕ್ರದ ಸೀಳೂ ಅಡ್ಡ. ಲೆನ್ಸ್ ಎಷ್ಟು ತಿರುಗಿಸಿದರೂ ಗೆರೆ ಒಡೆಯಲಿಲ್ಲ, ಕೂಡಲೂ ಇಲ್ಲ. ಬೆವರು ಹುಬ್ಬಿಗಿಳಿಯಿತು. ಏನಾದರಾಗಲಿ ಎಂದು ಅಡ್ಡ ಹಿಡಿದಿದ್ದ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ ಹಿಡಿದಳು. ಈಗ ಮೂರೂ ಗೆರೆಗಳು ಸೀಳಿನ ಎರಡು ಕಡೆ ಮೆಟ್ಟಿಲಿನ ಹಾಗೆ ಒಡೆದು ಕಂಡವು. ಲೆನ್ಸ್ ತಿರುಗಿಸುತ್ತ ಹೋದಂತೆ ಒಂದಾದವು.

ಇನ್ನು ಕ್ಯಾಮೆರಾ ಅಡ್ಡ ಮಾಡಿ ಒತ್ತಿದರೆ ಮುಗಿಯಿತು. ಆದರೆ ನೆಟ್ಟಗೆ ನಿಂತ ಕಿಂಡಿಯಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಆಚೆ ಉಳಿದು, ಗಂಡ ಹೆಂಡತಿ ಇಬ್ಬರೇ ಇದ್ದರು. ಎಲ್ಲರೂ ಕ್ಯಾಮೆರಾ ನೋಡುತ್ತಿರುವಾಗ ನಾಗಲಿಂಗಮ್ಮ ಮೆಲ್ಲಗೆ ಒಂದು ಗೇಣು ಗಂಡನತ್ತ ಸರಿದು, ಅವರ ಕೈಮೇಲೆ ಕೈಯಿಟ್ಟು, ತಲೆ ಎತ್ತಿದಳು. ಗೀತಾಂಜಲಿಯ ಬೆರಳು ತಾನಾಗಿ ಒತ್ತಿತು.

ಮುಂದಿನ ಫೋಟೋಕ್ಕೆಂದು ಕ್ಯಾಮೆರಾ ಅಡ್ಡ ಮಾಡಿ ರೋಲು ಮುಂದೆ ಸರಿಸುವ ಸಣ್ಣ ಹಿಡಿ ಎಳೆದರೆ ಅದು ಜಪ್ಪಯ್ಯ ಅನ್ನಲಿಲ್ಲ. ಅಂಕಿ ನೋಡಿದಳು, ಮೂವತ್ತಾರು. ಉಳಿದ ಮೂವತ್ತೈದನ್ನೂ ಕೋಳಿ, ಎಮ್ಮೆ, ಕೂಸು ತಿಂದು ಮುಗಿಸಿದ್ದವು. ಹೊಸ ರೋಲು ಹಡಗಲಿಯ ಮೇಜಿನೊಳಗಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯವಾಗದೆ ಸುಮ್ಮನೆ ಕ್ಯಾಮೆರಾವನ್ನು ಕಣ್ಣಿಗೊಮ್ಮೆ ಹಿಡಿದು, ಆಯಿತೆಂದು ಇಳಿಸಿದಳು. ಸಾವಿನ ಮನೆಯಲ್ಲಿ ಹೇಳಿದ ಸುಳ್ಳು ಊರು ಮುಟ್ಟುವವರೆಗೂ ಎದೆಯಲ್ಲಿ ಕುಟ್ಟುತ್ತಿತ್ತು.

ವಾರದ ಮೇಲೆ ಫೋಟೋ ಬಂತು. ಗುರುಬಸವರಾಜ ಸ್ಟುಡಿಯೋಕ್ಕೆ ಬಂದು ಅದನ್ನು ನೋಡಿದ, ಮಿಕ್ಕವರೆಲ್ಲ ಹಿಂಬದಿಗಿದ್ದಾರೇನೋ ಎಂಬಂತೆ ತಿರುಗಿಸಿಯೂ ನೋಡಿದ. ಹೋಗಿ ಹೋಗಿ ಇಂಥವರನ್ನು ಕರೆದುಕೊಂಡು ಹೋದೆನಲ್ಲ ಎಂದು ಮೇಜಿನ ಮೇಲೇ ಬಿಟ್ಟು ಹೋದ. ಅಮರೇಶ ಬೈಯಲಿಲ್ಲ. ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ಅಂಗಿ ಜೇಬಿಗೆ ಹಾಕಿಕೊಂಡ. ಎರಡು ಏಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ತಿಂಗಳ ಮೇಲೆ ಒಂದು ಮಧ್ಯಾಹ್ನ ನಾಗಲಿಂಗಮ್ಮ ಒಬ್ಬಳೇ ಬಸ್ಸಿಗೆ ಬಂದಳು. ಮಕ್ಕಳು ಬೇಡವೆಂದ ಫೋಟೋ ಇದ್ದರೆ ಕೊಡಬೇಕಂತೆ. ಅಮರೇಶನಿಗೆ ಸಂಕೋಚವಾಯಿತು.

"ಅದು ತಪ್ಪು ಬಂದೈತ್ರಿ ಅಮ್ಮಾರ. ಈಕಿ ಇನ್ನಾ ಕಲಿಯಾಕಿ. ಮಕ್ಕಳು ಮೊಮ್ಮಕ್ಕಳು ಯಾರೂ ಇಲ್ಲ ಅದರಾಗ."

ಮುದುಕಿ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದಳು.

"ಅವರು ಕಟ್ಟೀ ಮ್ಯಾಲ ಕುಂತ್ರ ನಾನು ಹೊಸ್ತಿಲ ಒಳಗ ಕುಂದರತಿದ್ದೆ ತಮ್ಮಾ. ಐವತ್ತೆರಡು ವರ್ಷದಾಗ ಅವರ ಸಮಕ್ಕ ಕುಂತಿದ್ದು ಅದೊಂದ ದಿನ" ಎಂದಳು. "ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡು."

ಅಮರೇಶ ಜೇಬಿನಿಂದ ಬೀರುವಿನ ಕೀಲಿ ತೆಗೆದು ಗೀತಾಂಜಲಿಯ ಮುಂದಿಟ್ಟು, ಆ ರೋಲಿನ ನೆಗೆಟಿವ್ ಹುಡುಕಿ ಬೆಳಕಿಗೆ ಹಿಡಿದ. ಕೋಳಿ, ಕೋಳಿ, ಎಮ್ಮೆ, ಕೂಸು, ಮತ್ತೆ ಎಮ್ಮೆ. ಕೊನೆಯಲ್ಲಿ ಅವರಿಬ್ಬರು.