ಹಿಟ್ಟಿನ ಮುತ್ತು

ಬಾಗಿಲು ತೆಗೆದ ಮಗಳು ಅಪ್ಪನ ಮುಖ ನೋಡಿ ಪೆಚ್ಚಾದಳು. ಕೆನ್ನೆ, ಹುಬ್ಬು, ಕಿವಿಯ ಸಂದಿ, ಎಲ್ಲ ಸೋಪು ಹಾಕಿ ತಿಕ್ಕಿ ತೊಳೆದು ಥಳಥಳ ಅನ್ನುತ್ತಿತ್ತು.

“ಇವತ್ತೇ ತೊಳ್ಕೋಬೇಕಿತ್ತಾ ಅಪ್ಪ?”

“ಕೊನೇ ದಿನ ಅಲ್ವೇನಮ್ಮ. ಗಿರಣಿಯವರೆಲ್ಲ ಸೇರಿ ಫೋಟೋ ತೆಗೆಸಿದ್ರು. ಮೂವತ್ತು ವರ್ಷದಲ್ಲಿ ಒಂದು ಸಲನಾದ್ರೂ ನನ್ನ ಗುರುತು ಸಿಗಲಿ ಅಂತ.”

ಹಿಟ್ಟಿನ ಗಿರಣಿಯಿಂದ ಅವನು ಬರುತ್ತಿದ್ದದ್ದೇ ರೆಪ್ಪೆಗೂದಲಿನ ತನಕ ಬೆಳ್ಳಗಾಗಿ. ಆಗ ಐದು ವರ್ಷದವಳಾಗಿದ್ದ ಮಗಳು ಓಡಿಹೋಗಿ ಕುತ್ತಿಗೆಗೆ ಜೋತುಬಿದ್ದು ಕೆನ್ನೆಗೊಂದು ಮುತ್ತಿಡುತ್ತಿದ್ದಳು. ಅದೇ ಬಿಳಿ ತುಟಿಯಲ್ಲಿ, ಉಸಿರು ಬಿಗಿಹಿಡಿದು ಅಡುಗೆಮನೆಗೆ ಓಡಿ ಅಮ್ಮನ ಕೆನ್ನೆಗೆ ಒತ್ತುತ್ತಿದ್ದಳು. “ಅಪ್ಪ ಕಳಿಸಿದ್ದು, ತಗೋ.” ನಡುಮನೆಯಲ್ಲಿ ಅಜ್ಜಿ ಕಣ್ಣು ಕಿವಿ ತೆರೆದು ಕೂತಿರುತ್ತಿದ್ದ ಆ ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡತಿಗೆ ಬೇರೆ ದಾರಿ ಇರಲಿಲ್ಲ. “ಥೂ, ಕೆಲಸ ನೋಡೇ” ಅಂತ ಅಮ್ಮ ಗದರುತ್ತಿದ್ದಳು. ಆ ಬಿಳಿ ಗುರುತನ್ನು ಮಾತ್ರ ಊಟ ಮುಗಿಯುವ ತನಕ ಒರೆಸುತ್ತಿರಲಿಲ್ಲ.

ಹನ್ನೆರಡು ತುಂಬಿದಾಗ, ಗೆಳತಿಯರ ಮುಂದೆ ನಾಚಿಕೆಯಾಗಿ, ಹುಡುಗಿ ಆ ಕೆಲಸ ಬಿಟ್ಟಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಅಜ್ಜಿ ತೀರಿಹೋದಮೇಲೂ ಅಪ್ಪ ಅಮ್ಮ ಅಷ್ಟೇ ದೂರದಲ್ಲಿ ಉಳಿದರು, ಅಭ್ಯಾಸ ತಪ್ಪಿಹೋಗಿತ್ತು. ಅದು ಮಗಳನ್ನು ಒಳಗೇ ಕೊರೆಯುತ್ತಿತ್ತು. ಇವತ್ತು ಕೊನೆಯ ಹಿಟ್ಟು, ಒಂದೇ ಒಂದು ಸಲ ಮುಟ್ಟಿಸಿಬಿಡೋಣ ಅಂತಲೇ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದ್ದಳು.

ಇದನ್ನೆಲ್ಲ ತಡವರಿಸುತ್ತಾ ಹೇಳಿದಳು. ಅಪ್ಪ ತೊಳೆದ ಕೆನ್ನೆ ತಡವಿಕೊಂಡ. “ಮೊದಲೇ ಹೇಳಬಾರದಿತ್ತಾ ಪುಟ್ಟಿ.”

ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಅಮ್ಮ ಹೊರಗೆ ಬಂದಳು, ಮುಷ್ಟಿ ತುಂಬ ಹಿಟ್ಟು. ಗಂಡನ ಎರಡೂ ಕೆನ್ನೆಗೆ ಬಳಿದಳು, ಹುಬ್ಬನ್ನೂ ಬಿಡಲಿಲ್ಲ.

“ಹೂಂ, ಈಗ ನಮ್ಮ ಮನೆಯವರ ಥರ ಕಾಣ್ತೀರಿ. ಬಾರೇ, ನಿನ್ನ ಕೆಲಸ ಮುಗಿಸು.”

ಮಗಳು ಒಂದು ಹೆಜ್ಜೆ ಮುಂದಿಟ್ಟು ನಿಂತಳು. “ಒಲೆ ಮೇಲೆ ಹಾಲಿಟ್ಟಿದ್ದೀಯೇನಮ್ಮ? ನೋಡ್ಕೊಂಡು ಬರ್ತೀನಿ.”

“ಹಾಲೆಲ್ಲಿದೆಯೇ,” ಅಮ್ಮ ಅನ್ನುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಆರಿದ ಒಲೆಯ ಮುಂದೆ ನಿಂತು ನಿಧಾನವಾಗಿ ನೂರರ ತನಕ ಎಣಿಸಿದಳು.

ಹೊರಗೆ ಬಂದಾಗ ಅಪ್ಪ ಸೂರು ನೋಡುತ್ತಿದ್ದ. ಅಮ್ಮ ಕಿಟಕಿಯ ಕಡೆ ತಿರುಗಿ ಮುಂಗೈಯಲ್ಲಿ ತುಟಿ ಒರೆಸಿಕೊಳ್ಳುತ್ತಿದ್ದಳು. ಮೂಗಿನ ತುದಿಯ ಹಿಟ್ಟು ಮರೆತಿದ್ದಳು.