ಸುಮ್ಮನೆ ಕೂತರೆ ಎಷ್ಟು ಕರೆಂಟು

ಬಾಯಿ ಬಿಡದೆ ಬರೀ ಯೋಚಿಸುತ್ತ ಕೂತರೂ ತನ್ನ ಎದೆಯ ಬ್ಯಾಟರಿ ಮನೆಯವರೆಲ್ಲರದ್ದಕ್ಕಿಂತ ಬೇಗ ಬರಿದಾಗುತ್ತದಲ್ಲ ಎಂಬುದೇ ಇಂದುಮತಿಯ ಗುಟ್ಟಿನ ಚಿಂತೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿದ ಮೇಲೆ, ಹುಡುಗಿ ಸುಮ್ಮನೆ ಕೂತಾಗ ಎಷ್ಟು ಕರೆಂಟು ಎಳೆಯುತ್ತಾಳೆಂದು ಅಳೆದು ನೋಡುವುದು ಪದ್ಧತಿ. ಮೀಟರು ಹೆಣ್ಣಿನ ಮನೆಯದು. ಇಂದುಮತಿಯ ಎಲೆಕ್ಟ್ರಾನಿಕ್ಸ್ ಪದವಿ ಕೊನೆಗೂ ಉಪಯೋಗಕ್ಕೆ ಬಂದಿತ್ತು: ಬೆಳಿಗ್ಗೆಯೇ ಮೀಟರಿನೊಳಗೊಂದು ಅಡ್ಡತಂತಿ ಬೆಸೆದು, ಮುಳ್ಳು ನಿಜದ ಅರ್ಧಕ್ಕಿಂತ ಕಡಿಮೆ ಏಳುವಂತೆ ಮಾಡಿದ್ದಳು.

ಹುಡುಗನ ತಾಯಿ ಅವಳ ಬ್ಯಾಟರಿಗೆ ಮೀಟರಿನ ಕ್ಲಿಪ್ಪು ಸಿಕ್ಕಿಸಿ ಮುಳ್ಳು ನೋಡಿದರು. "ಅಬ್ಬಬ್ಬ, ದೇವರ ಮನೆಯ ಪುಟ್ಟ ಬಲ್ಬಿಗೂ ಇದಕ್ಕಿಂತ ಜಾಸ್ತಿ ಬೇಕು! ತಲೆಯೊಳಗೆ ಏನೂ ಓಡೋದೇ ಇಲ್ಲ ಕಣ್ರೀ. ನಮಗೆ ಇಂಥ ಸೊಸೆಯೇ ಬೇಕಿತ್ತು."

ಅಮ್ಮ ಹಿಗ್ಗಿಹೋದರು. "ನಾನು ಹೇಳ್ಲಿಲ್ವೇ? ನಮ್ಮ ಇಂದು ಯೋಚನೇನೇ ಮಾಡಲ್ಲ!"

ತಾಂಬೂಲದ ತಟ್ಟೆ ಕೈ ಬದಲಾಯಿಸುವುದರಲ್ಲಿತ್ತು. ಇಂದುಮತಿ ಹುಡುಗನ ತಾಯಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡಳು.

"ಇಲ್ಲ ಆಂಟಿ, ನೀವು ಬಂದಾಗಿನಿಂದ ನಾನು ಮನಸ್ಸಲ್ಲೇ ನಿಮ್ಮ ಜೊತೆ ಜಗಳ ಆಡ್ತಿದ್ದೀನಿ."