ಬಿಳಿ ಹಾಯಿ

ಸೋದರಮಾವ ಕೊಟ್ರಯ್ಯ ಉಗಿದ ಗುಟ್ಕಾ ನೀರಿಗೆ ಬೀಳಲಿಲ್ಲ. ಎದುರುಗಾಳಿಗೆ ಸಿಕ್ಕಿ ಮರಳಿ ಬಂದು ಬಿಳಿ ಹಾಯಿಗೂ, ಚುಕ್ಕಾಣಿ ಹಿಡಿದು ಕೂತಿದ್ದ ಶೈಲಶ್ರೀಯ ಕೆನ್ನೆಗೂ ರಾಚಿತು. ಬೆಚ್ಚಗಿತ್ತು.

"ಒರಸ್ಕೋ, ಏನಾಗಂಗಿಲ್ಲ," ಎಂದು ಕೆಂಪು ಹಲ್ಲು ಬಿಟ್ಟು ನಕ್ಕ. "ಹಾಯಿದೋಣಿ ನಡಸೋದು ಕಲ್ತಿರಬೋದು ನೀನು. ಆದ್ರ ಡ್ಯಾಮಿನ ಹಿನ್ನೀರಾಗ ಹೆಣ್ಮಗಳು ಒಬ್ಬಾಕಿನ ಹೋಗೋದಾ? ಅದಕ್ಕ ನಿಮ್ಮವ್ವ ಧೈರ್ಯಕ್ಕಂತ ನನ್ನ ಕಳಿಸ್ಯಾಳ." ಮತ್ತೊಂದು ಪ್ಯಾಕೆಟ್ ಹರಿದು ಬಾಯಿಗೆ ಸುರಿದುಕೊಂಡ.

ಶೈಲಶ್ರೀ ಕೆನ್ನೆ ಒರೆಸಿಕೊಳ್ಳಲಿಲ್ಲ. ಚುಕ್ಕಾಣಿ ಹೊರಳಿಸಿ, ದೋಣಿಯನ್ನು ದಂಡೆಗೆ ತಂದು, ಹಾಯಿಯ ಹಗ್ಗ ಸಡಿಲಿಸಿ ನಿಲ್ಲಿಸಿದಳು.

"ಇಳೀರಿ ಮಾವ."

"ಏ ಹುಡುಗಿ, ಒಬ್ಬಾಕಿನ ಹೆಂಗ ಹೋಗ್ತಿ?"

"ಗಾಳಿ ಯಾ ಕಡಿಂದ ಬರ್ತೈತಂತ ನನಗ ಗೊತ್ತೈತ್ರಿ."